ಸ್ವಿಚ್ಚಮ್ಮನ ಉಳಿತಾಯ

ಅತ್ತೆಗೆ ಇಡೀ ಓಣಿ ಇಟ್ಟ ಹೆಸರು ಸ್ವಿಚ್ಚಮ್ಮ. ಖಾಲಿ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ಆಕೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಯಾರ ಮನೆಯಾದರೇನು, ಸೀದಾ ಒಳಗೆ ನುಗ್ಗಿ, ಟಪ್ಪೆಂದು ಆರಿಸಿ, "ಪುಕ್ಕಟೆ ಸಿಕ್ತು ಅಂತ ಹೀಗೆ ಪೋಲು ಮಾಡೋದಾ?" ಎಂದು ಗದರಿ ಬರುತ್ತಿದ್ದಳು.

ದೀಪ ಬಂದದ್ದೇ ಈಚೆಗೆ. ಹೊಳೆಯಾಚೆಯ ಈ ನಾಲ್ಕಾರು ಮನೆಗಳಿಗೆ ಕರೆಂಟಿನ ಕಂಬ ಬರುವ ಲಕ್ಷಣವೇ ಇರಲಿಲ್ಲ. ಸೊಸೆಯ ಕಸುಬು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು. ನೀರು ಧುಮುಕುವ ಕಡೆ ಅವಳೊಂದು ಕಬ್ಬಿಣದ ಚಕ್ರ ಕೂರಿಸಿ, ಅದಕ್ಕೆ ಹಳೆಯ ಮೋಟಾರು ಕಟ್ಟಿದ್ದಳು. ಕರೆಂಟು ಕೊಟ್ಟರೆ ಮೋಟಾರು ತಿರುಗುತ್ತದೆ. ನಾವೇ ತಿರುಗಿಸಿದರೆ ಅದು ಕರೆಂಟು ಕೊಡುತ್ತದೆ, ಕೊಡುವ ಮನಸ್ಸಿದ್ದರೆ.

ಕೊಡುವುದೇನೋ ಕೊಟ್ಟಿತು. ಆದರೆ ಸಂಜೆ ತಣ್ಣಗೆ ಉರಿಯುತ್ತಿದ್ದ ಬಲ್ಬುಗಳು ಇದ್ದಕ್ಕಿದ್ದಂತೆ ಬೆಳ್ಳಗಾಗಿ ಠುಸ್ಸೆನ್ನುತ್ತಿದ್ದವು. ಎರಡನೇ ಸಲವೂ ಹೀಗಾದಾಗ ಪಕ್ಕದ ಮನೆಯ ಬೇಕರಿಯವನು ಅಂಗಳಕ್ಕೆ ಬಂದ.

"ಬೇಜಾರು ಮಾಡ್ಕೋಬೇಡ ತಂಗಿ. ಇನ್ನೊಂದ್ಸಲ ಹೀಗಾದ್ರೆ ತಂತಿ ಕಿತ್ತುಬಿಡೋಣ. ನಮಗೆ ಲಾಟೀನೇ ವಾಸಿ."

ಅವನಿಗೆ ಹೋಗುವುದು ತಂತಿ. ಸೊಸೆಗೆ ಹೋಗುವುದು ಮಗು. ಕರೆಂಟು ನೆಟ್ಟಗೆ ಉಳಿದರೆ ಮನೆಯಲ್ಲೇ ಕೂತು ಮೋಟಾರು ಸುತ್ತಿ, ಓಡಿಸಿ ನೋಡಿ ಕೊಡಬಹುದು. ಇಲ್ಲವಾದರೆ ಪೇಟೆಯ ಕಾರ್ಖಾನೆಯ ಕೆಲಸಕ್ಕೆ ಹೂಂ ಅನ್ನಬೇಕು. ಸೋಮವಾರ ಹೋದವಳು ಶನಿವಾರ ಬರಬೇಕು, ಮಗು ಇನ್ನೂ ಗೋಡೆ ಹಿಡಿದು ನಿಲ್ಲುತ್ತಿತ್ತು. ಗಂಡ ಲಾರಿ ಹತ್ತಿದರೆ ಯಾವ ಊರಿನಲ್ಲಿರುತ್ತಾನೋ ಅವನಿಗೇ ಗೊತ್ತಿರುತ್ತಿರಲಿಲ್ಲ.

ಅವಳು ಮೋಟಾರು ಬಿಚ್ಚಿದಳು, ಮತ್ತೆ ಸುತ್ತಿದಳು. ತಪ್ಪೇನೂ ಸಿಗಲಿಲ್ಲ. ಹೊಸ ಬಲ್ಬು ಹಾಕಿ, ಮಗುವನ್ನು ಸೊಂಟಕ್ಕೇರಿಸಿಕೊಂಡು, ಬಲ್ಬನ್ನೇ ನೋಡುತ್ತ ನಿಂತಳು. ಅಕ್ಕಪಕ್ಕದವರೆಲ್ಲ ಗಾಳಿಗೆಂದು ಹೊಳೆದಂಡೆಗೆ ಹೋಗಿದ್ದರು. ಅತ್ತೆ ಎಂದಿನಂತೆ ಗಸ್ತು ಹೊರಟಿದ್ದಳು. ಕೊನೆಯ ಮನೆಯ ದೀಪ ಆರಿತು. ಇಲ್ಲಿಯ ಬಲ್ಬು ಒಂದಿಷ್ಟು ಬೆಳ್ಳಗಾಯಿತು. ಅದರ ಪಕ್ಕದ್ದು ಆರಿತು. ಇದು ಮತ್ತಷ್ಟು ಬೆಳ್ಳಗಾಯಿತು.

ಸೊಸೆ ಬರಿಗಾಲಲ್ಲಿ ಓಡಿದಳು. "ಅತ್ತೆ, ಮುಟ್ಟಬೇಡಿ!"

ಬೇಕರಿಯವನ ಮನೆಯ ಸ್ವಿಚ್ಚಿನ ಮೇಲೆ ಅತ್ತೆಯ ಕೈ ನಿಂತಿತು. "ಯಾಕೇ? ಆರಿಸಿದ್ರೆ ಉಳಿಯಲ್ವಾ?"

"ಉಳಿಯಲ್ಲ ಅತ್ತೆ. ಹೊಳೆ ದಬ್ಬೋದು ನಿಲ್ಲಿಸತ್ತಾ? ಎಲ್ರೂ ಸೇರಿ ಹೊತ್ತಿದ್ದ ಮೂಟೆನ ಒಬ್ಬೊಬ್ರೇ ಬಿಟ್ಟು ಹೋದ್ರೆ, ಉಳಿದೋನ ಸೊಂಟ ಮುರಿಯಲ್ವಾ?"

ಅತ್ತೆ ಹೊಸ್ತಿಲ ಮೇಲೆ ಕೂತಳು. "ಅಂದ್ರೆ ಇಷ್ಟೂ ಬಲ್ಬು ಸುಟ್ಟಿದ್ದು ನಾನು. ನಿನ್ನ ಮನೆ ಬಿಡಿಸ್ತಿರೋಳೂ ನಾನೇ."

ಸೊಸೆಗೆ ಕೋಪ ಬರಲಿಲ್ಲವೆಂದರೆ ಸುಳ್ಳು. ನೆತ್ತಿಗೇರಿದ್ದ ಕೋಪ ಆ ಮುಖ ನೋಡಿ ಇಳಿಯಿತು.

ದೀಪ ಆರಿಸಬೇಡಿ ಎಂದು ಓಣಿಗೆಲ್ಲ ಹೇಳಿದರೆ ಮುಗಿಯುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅತ್ತೆಯನ್ನು ಬದಲಿಸುವ ಬದಲು ಸೊಸೆ ಸ್ವಿಚ್ಚುಗಳನ್ನೇ ಬದಲಿಸಿದಳು. ಈಗ ದೀಪ ಆರಿಸಿದರೆ ಅಷ್ಟೇ ಕರೆಂಟು ಅಂಗಳದ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿದ, ನೀರು ಕಾಯಿಸುವ ಕಾಯಿಲ್‌ಗೆ ಹೋಗುತ್ತದೆ. ಹೊಳೆಗೆ ಹೊರೆ ಅಷ್ಟೇ ಇರುತ್ತದೆ.

ಪರೀಕ್ಷೆಗೆ ಎಲ್ಲರೂ ಸೇರಿದರು. ಬೇಕರಿಯವನು ಕೈಕಟ್ಟಿ ನಿಂತ.

"ನಾನು ಒತ್ತಲ್ಲಪ್ಪ," ಎಂದು ಅತ್ತೆ ಹಿಂದೆ ಸರಿದಳು.

"ನಿಮ್ಮಷ್ಟು ಅಭ್ಯಾಸ ಇನ್ಯಾರಿಗಿದೆ? ನಡೀರಿ," ಎಂದಳು ಸೊಸೆ.

ಒಂದೊಂದೇ ಮನೆ ಕತ್ತಲಾಯಿತು. ಉಳಿದದ್ದು ಬೇಕರಿಯವನ ಬಲ್ಬೊಂದೇ. ಸೊಸೆ ಅದರಿಂದ ಕಣ್ಣು ಕೀಳಲಿಲ್ಲ. ಬಲ್ಬು ಮಾತ್ರ ಏನೂ ಆಗಿಲ್ಲವೆಂಬಂತೆ ಹಾಗೇ ಉರಿಯಿತು.

ಸ್ವಲ್ಪ ಹೊತ್ತಿನ ಮೇಲೆ ಬೇಕರಿಯವನು ಡ್ರಮ್ಮಿಗೆ ಬೆರಳದ್ದಿದ. "ಬೆಚ್ಚಗಾಗಿದೆಯಲ್ಲೇ! ಹಿಟ್ಟು ಕಲಸೋಕೆ ಈ ನೀರು ನನಗಿರಲಿ, ತಂಗಿ."

"ಸರದೀಲಿ ನಿಂತ್ಕೋ," ಎಂದು ಅತ್ತೆ ಮೊದಲ ಚೊಂಬು ತಾನೇ ಎತ್ತಿ, ಮಗುವಿನ ಕೆಸರುಗಾಲಿಗೆ ಸುರಿದಳು. ಮಗು ಕೇಕೆ ಹಾಕಿತು.

"ಕಾರ್ಖಾನೆಯವರಿಗೆ ಬರಲ್ಲ ಅಂತ ಹೇಳ್ಬಿಡು. ನೀನಿಲ್ದೆ ಇದು ಅಳ್ತಿತ್ತು," ಎಂದಳು ತಲೆಯೆತ್ತದೆ. ಮಗುವಿನ ಬೆರಳ ಸಂದಿಯ ಕೆಸರನ್ನು ಉಜ್ಜುತ್ತ ಮೆಲ್ಲಗೆ ಸೇರಿಸಿದಳು: "ನಾನೂ ಅಳ್ತಿದ್ದೆ."