ಹಿತ್ತಲಿನ ಸ್ಟೋವ್

ಕಮಲಾಪುರದ ತವರಿನಲ್ಲಿ ಅವ್ವ ರಾಜಗಿರಿ ಸೊಪ್ಪನ್ನು ತೊಗರಿಬೇಳೆಯೊಂದಿಗೆ ಬೇಯಿಸುತ್ತಿದ್ದಳು. ಒದ್ದೆ ಮಣ್ಣಿನಂಥ ಆ ವಾಸನೆ, ಅದರ ಮೇಲೆ ಜೀರಿಗೆಯ ಒಗ್ಗರಣೆ. ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ನನಗೆ ಹಸಿವಾಗುತ್ತಿತ್ತು.

೧೯೮೬ರ ಆಷಾಢದಲ್ಲಿ, ಕಲಬುರಗಿಯ ಅತ್ತೆಮನೆಯಲ್ಲಿ, ನಾನು ಎರಡನೆಯ ಸಲ ಬಸುರಿಯಾದೆ. ಆಗಷ್ಟೇ ಚಾತುರ್ಮಾಸ ಹಿಡಿದಿತ್ತು. ಮೊದಲ ತಿಂಗಳು ಮನೆಯಲ್ಲಿ ಕಾಯಿಪಲ್ಯ, ಸೊಪ್ಪು ಇಲ್ಲ. ಎರಡನೆಯ ತಿಂಗಳು ಮೊಸರಿಲ್ಲ. ಮೂರನೆಯ ತಿಂಗಳು ಹಾಲಿಲ್ಲ. ಹಿಂದಿನ ವರ್ಷ ಈ ನೇಮವನ್ನೆಲ್ಲ ನಡೆಸಿದ್ದೆ. ಗರ್ಭ ನಿಲ್ಲಲಿಲ್ಲ. ಅದಕ್ಕೆ ಊಟವೇ ಕಾರಣವೆಂದು ಲೇಡಿ ಡಾಕ್ಟರು ಹೇಳಲಿಲ್ಲ. ಈ ಸಲ ರಕ್ತ ಕಡಿಮೆಯಿದೆ, ಸೊಪ್ಪು, ಬೇಳೆ, ಹಾಲು, ಮೊಸರು ಒಂದು ದಿನವೂ ತಪ್ಪಬಾರದು ಎಂದರು.

ನಮ್ಮ ಅತ್ತೆ ಮಥುರಾಬಾಯಿ ಒಪ್ಪಲಿಲ್ಲ. "ನಾ ಐದು ಹಡದೇನಿ. ಒಂದು ವರ್ಷನೂ ವ್ರತ ಬಿಟ್ಟಿಲ್ಲ. ಬಿ.ಎ. ಓದಿದವರ ಹೊಟ್ಟಿ ಬ್ಯಾರೇ ಇರ್ತದೇನು, ಮುಕ್ತಾ?"

"ಹೊಟ್ಟಿ ಅದೇ ಅದರೀ ಅತ್ತಿಯವರ. ಈ ಸಲ ಖಾಲಿ ಇಡೂದಿಲ್ಲ."

"ನನ್ನ ಒಲೀ ಮ್ಯಾಲೆ ಆ ಸೊಪ್ಪು-ತಪ್ಪಲ ಏರೂದಿಲ್ಲ."

"ಬ್ಯಾಡ್ರಿ. ಹಿತ್ತಲದಾಗ ಸ್ಟೋವ್ ಹಚ್ಚತೇನಿ."

ಅತ್ತೆ ಮಗನ ಕಡೆ ತಿರುಗಿದರು. "ಪಾಂಡುರಂಗ, ನೀ ಏನರೆ ಹೇಳೋ!"

ನನ್ನ ಗಂಡ ಪೇಪರು ಮಡಿಚಿಟ್ಟರು. "ಚಿಮಣಿ ಎಣ್ಣಿ ನಾ ತರ್ತೇನಿ," ಎಂದು ಡಬ್ಬಿ ಹಿಡಿದು ಹೊರಟೇಬಿಟ್ಟರು.

ಕಮಲಾಪುರದಿಂದ ಬಸ್ಸಿನಲ್ಲಿ ಸೊಪ್ಪು ತರುತ್ತಿದ್ದ ಗುಂಡಮ್ಮ ವಿಷಯ ಕೇಳಿ ದಿನಾ ಒಂದು ಕಟ್ಟು ಹೆಚ್ಚಿಗೆ ಹಾಕುತ್ತಿದ್ದಳು. "ತವರಿನ ತಪ್ಪಲ ಅದ ತಾಯಿ, ಹೊಟ್ಯಾಗ ನಿಲ್ತದ ನೋಡು."

ಮಡಿಯಲ್ಲಿದ್ದ ಅತ್ತೆ ಹಿತ್ತಲ ಹೊಸ್ತಿಲು ದಾಟುತ್ತಿರಲಿಲ್ಲ. ಒಳಗಿನಿಂದಲೇ, "ವಾಸನಿ ದೇವರ ಮನೀತನಕ ಬರಾಕತ್ತದ," ಎನ್ನುತ್ತಿದ್ದರು.

"ದೇವರಿಗೂ ಹಸಿವಿ ಆಗಲಿ ಬಿಡ್ರಿ," ಎಂದು ನಾನು ಇನ್ನೊಂದು ರೊಟ್ಟಿ ಮುರಿದುಕೊಳ್ಳುತ್ತಿದ್ದೆ.

ಶ್ರಾವಣ ಮುಗಿಯುತ್ತ ಬಂದಿತ್ತು. ಸೊಪ್ಪಿನ ತಿಂಗಳು ಕಳೆದು ಮೊಸರಿನ ನೇಮ ಹಿಡಿದಿದ್ದರೂ ನನ್ನ ಅಡುಗೆ ಹಿತ್ತಲಲ್ಲೇ ಉಳಿದಿತ್ತು. ಒಂದು ದಿನ ಬೆಳಗಿನಿಂದ ವಾಂತಿಯಾಗಿ ಚಾಪೆ ಬಿಟ್ಟು ಏಳಲಾಗಲಿಲ್ಲ. ಗಂಡ ಶಾಲೆಗೆ ಪಾಠ ಮಾಡಲು ಹೋಗಿದ್ದರು. ಇವತ್ತು ಊಟ ತಪ್ಪಿತಲ್ಲ ಎಂದು ಅಳು ಬರುವಷ್ಟರಲ್ಲಿ ಹಿತ್ತಲಲ್ಲಿ ಸ್ಟೋವಿಗೆ ಪಂಪು ಹೊಡೆಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು.

ಬಾಗಿಲಲ್ಲಿ ಮಥುರಾಬಾಯಿ ನಿಂತಿದ್ದರು. ಮಡಿಸೀರೆ ಬಿಟ್ಟು ಹಳೆಯ ಸೀರೆ ಉಟ್ಟಿದ್ದರು. ಮತ್ತೊಮ್ಮೆ ಸ್ನಾನಕ್ಕೆಂದು ಬಚ್ಚಲಿನ ಮುಂದೆ ಬಿಸಿನೀರಿನ ಕೊಡ ಇಟ್ಟುಕೊಂಡಿದ್ದರು. ತಾಟಿನಲ್ಲಿ ಮೆತ್ತನೆಯ ರೊಟ್ಟಿ, ರಾಜಗಿರಿ ಬೇಳೆ, ಪಕ್ಕದಲ್ಲಿ ಒಂದು ಬಟ್ಟಲು ಮೊಸರು. ಆ ತಿಂಗಳು ನಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವಂತಿರಲಿಲ್ಲ. ಅತ್ತೆಯೇ ಹಿಂದಿನ ದಿನ ಹಾಕಿಟ್ಟಿರಬೇಕು.

ನಾನು ಎದ್ದು ಕೂತೆ. ಅವರು ತಾಟನ್ನು ನನ್ನ ಕೈಗೆ ಕೊಟ್ಟರು.