ದನಿಯ ಜೊತೆ

“ಮತ್ತೆ ಓಡಿದ್ರಿ,” ಎಂದು ಹೆಂಡತಿ ಹಾಡು ನಿಲ್ಲಿಸಿದಳು.

ಗಡಿಯಾರ ರಿಪೇರಿಯವನು ಪಿಯಾನೊದಿಂದ ಕೈ ತೆಗೆಯಲಿಲ್ಲ. ತಾನು ಓಡಿಲ್ಲ, ಅವಳೇ ಹಿಂದೆ ಉಳಿದದ್ದು ಎಂದ. ತಾಳ ಹೇಳುವ ಮೆಟ್ರೊನೋಮ್ ಪಿಯಾನೊದ ಮೇಲೆ ಕೂತು ಟಿಕ್ ಟಿಕ್ ಎಂದು ಸಾಕ್ಷಿ ನುಡಿಯುತ್ತಿತ್ತು. ಅದನ್ನು ರಿಪೇರಿ ಮಾಡಿದವನೂ ಅವನೇ ಆದ್ದರಿಂದ ಸಾಕ್ಷಿ ಯಾರ ಕಡೆಯದೆಂದು ಕೇಳಬೇಕಾಗಿರಲಿಲ್ಲ.

ಅಂದು ಸಂಜೆ ಸಭಾಂಗಣದಲ್ಲಿ ಅವಳ ಹಾಡು; ಮರುದಿನ ಗಂಟಲಿನ ಆಪರೇಶನ್. ಗಂಟು ತೆಗೆಯಬಹುದು, ದನಿ ಹೀಗೇ ಉಳಿಯುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ಇದು ಗಂಡನಿಗೂ ಗೊತ್ತಿತ್ತು. ಗೊತ್ತಿದ್ದೂ ತಾಳ ಬಿಟ್ಟುಕೊಡುತ್ತಿರಲಿಲ್ಲ.

ಜಗಳವೆಲ್ಲ ಹಾಡಿನ ಸ್ವರಲಿಪಿಯಲ್ಲಿ ಕೊನೆಯ ಸಾಲಿನ ಮೇಲೆ ಅಚ್ಚಾಗಿದ್ದ ಎರಡು ಇಟಾಲಿಯನ್ ಪದಗಳದ್ದು: ಕೊಲ್ಲಾ ವೋಚೆ. ಇಂಥವು ಕಂಡರೆ ನಿಘಂಟು ನೋಡಿ ಪೆನ್ಸಿಲಿನಲ್ಲಿ ಅರ್ಥ ಬರೆಯುವುದು ಅವನ ಪದ್ಧತಿ. ‘ಅಲೆಗ್ರೊ’ದ ತಲೆಯ ಮೇಲೆ ‘ಚುರುಕಾಗಿ’, ‘ರಾಲೆಂಟಾಂಡೊ’ದ ಮೇಲೆ ‘ಬರಬರುತ್ತ ನಿಧಾನ’. ಪಕ್ಕದಲ್ಲಿ ಎಷ್ಟು ನಿಧಾನವೆಂಬ ಲೆಕ್ಕ. ಇಲ್ಲಿಯೂ ‘ದನಿಯ ಜೊತೆ’ ಎಂದು ದುಂಡಗೆ ಬರೆದಿದ್ದ. ಲೆಕ್ಕ ಮಾತ್ರ ಹೊಳೆದಿರಲಿಲ್ಲ.

“ಅರ್ಥ ಬರೆದಿದ್ದೀನಲ್ಲೇ.”

“ಬರೆದ್ರೆ ಆಯ್ತಾ? ಅಲ್ಲಿ ನಾನು ಹೋದ ಹಾಗೆ ನೀವು ಬರ್ಬೇಕು, ರೀ.”

“ಎಲ್ಲೆಲ್ಲಿ ನಿಲ್ತೀಯ ಅಂತ ಮೊದ್ಲೇ ಹೇಳು, ಗುರುತು ಹಾಕ್ಕೋತೀನಿ.”

“ಅದು ನಂಗೇ ಗೊತ್ತಿರಲ್ಲ.”

ಬಸ್‌ ಸ್ಟಾಪಿಗೆ ಹೋಗುವಾಗಲೂ ಹೆಂಡತಿಗಿಂತ ಹತ್ತು ಮಾರು ಮುಂದೆ ನಡೆದು, ಅಲ್ಲಿ ನಿಂತು ಕೈಗಡಿಯಾರ ತೋರಿಸುವ ಮನುಷ್ಯನಿಗೆ ಇದೆಂಥ ಉತ್ತರ? ಗೊತ್ತಿಲ್ಲದ ಊರಿಗೆ ಯಾರು ಟಿಕೆಟ್ ಕೊಡುತ್ತಾರೆ ಎಂದು ಗೊಣಗಿದ.

“ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ,” ಎಂದಳು ಅವಳು. “ಕೋಣನೇ ಬಾರಿಸೋದು ನೋಡಿದ್ದು ಈ ಮನೇಲೇ.” ಮೆಟ್ರೊನೋಮಿನ ಕೀಲಿ ಕಿತ್ತು ಕೈಚೀಲಕ್ಕೆ ಹಾಕಿಕೊಂಡು, ಸೀರೆ ಬದಲಿಸಲು ಹೋದಳು.

ಸಂಜೆ ಮೊದಲ ಪುಟ ಎಂದಿನಂತೆಯೇ ನಡೆಯಿತು. ಅವನು ಅರ್ಧ ಹೆಜ್ಜೆ ಮುಂದೆ, ಅವಳು ಹಲ್ಲು ಕಚ್ಚಿ ಹಿಂದೆ. ಕೊನೆಯ ಸಾಲಿನ ನಡುವೆ ಅವಳ ದನಿ ಒಡೆಯಿತು. ಅವಳು ಉಸಿರಿಗಾಗಿ ನಿಂತಳು. ಇನ್ನು ಪಿಯಾನೊ ತನ್ನ ಪಾಡಿಗೆ ಹೋಗಿ ಆ ತುದಿಯಲ್ಲಿ ಕಾಯುತ್ತದೆ ಎಂದುಕೊಂಡಳು.

ಪಿಯಾನೊ ಕೇಳಿಸಲಿಲ್ಲ. ಓರೆಗಣ್ಣಿನಿಂದ ನೋಡಿದಳು. ಅವನು ಪುಟ ನೋಡುತ್ತಿರಲಿಲ್ಲ. ಎರಡೂ ಕೈಗಳನ್ನು ಪಿಯಾನೊದ ಮನೆಗಳ ಮೇಲೆ ಮುಟ್ಟಿಯೂ ಮುಟ್ಟದಂತೆ ಹಿಡಿದು, ಅವಳ ಕುತ್ತಿಗೆಯನ್ನೇ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ ಕೆಮ್ಮಿದರು. ಕೈಗಳು ಅಲುಗಲಿಲ್ಲ.

ಉಸಿರು ಆಗಲೇ ಬಂದಿತ್ತು. ಆದರೂ ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಳು.