ನಿದ್ದೆಬಡುಕಿ

"ಇದು ಯಾವಾಗಿಂದ ಐತ್ರಿ?" ಎಂದು ಡಾಕ್ಟರು ಕೇಳಿದಾಗ ಮಾಣಿಕಬಾಯಿ ಮಗಳ ಊದಿದ ಮುಖವನ್ನು ಆಗಷ್ಟೇ ಕಂಡವಳ ಹಾಗೆ ನೋಡಿದಳು.

ಸ್ವಪ್ನಾಲಿಗೆ ಹದಿನೈದು. ಕೂಸಾಗಿದ್ದಾಗಲೇ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಎಂದು ತಿಳಿದಿತ್ತು. ಸಾಂಗಲಿಯಿಂದ ಮಿರಜಕ್ಕೆ ತಿಂಗಳು ತಿಂಗಳು ಬಂದು ರಕ್ತ ಹಾಕಿಸಿಕೊಂಡು ಹೋಗುವುದು ಆ ಮನೆಗೆ ಸಂತೆಗೆ ಹೋದಷ್ಟೇ ರೂಢಿ. ರಕ್ತ ಬಿದ್ದ ಮರುದಿನ ಹುಡುಗಿ ಚಿಗುರುತ್ತಿದ್ದಳು. ಈ ವರ್ಷ ಮಾತ್ರ ಹಾಗಾಗಲಿಲ್ಲ. ಬೇಸಿಗೆಯಲ್ಲೂ ಚಳಿ ಅನ್ನುವಳು, ಪುಸ್ತಕ ಹಿಡಿದಲ್ಲೇ ತೂಕಡಿಸುವಳು, ಕರೆದರೆ ಎಷ್ಟೋ ಹೊತ್ತಿಗೆ ಓ ಅನ್ನುವಳು.

ಡಾಕ್ಟರು ಅಥಣಿ ಕಡೆಯವರು; ಕನ್ನಡದಲ್ಲೇ ತಿಳಿಸಿದರು. "ರಕ್ತ ಹಾಕಿ ಹಾಕಿ ಮೈಯಾಗ ಕಬ್ಬಿಣದಂಶ ಕೂಡತೈತ್ರಿ ಬಾಯಾರ. ಕುತ್ತಿಗ್ಯಾಗಿನ ಥೈರಾಯ್ಡ್ ಗ್ರಂಥಿಗೂ ಅದು ಹತ್ತೇತಿ. ಗ್ರಂಥಿ ಮಂದ ಆದ್ರ ಮನಷ್ಯಾನೂ ಮಂದ ಆಗ್ತಾನ. ದಿನಾ ಒಂದ್ ಗುಳಿಗಿ, ಹಸದ ಹೊಟ್ಟೀಲೆ. ಸುಧಾರಸ್ತಾಳ. ಖರೆ, ಇಷ್ಟ್ ದಿನಾ ಯಾಕ ಹೇಳಲಿಲ್ರಿ?"

ಮಾಣಿಕಬಾಯಿಗೆ ಹೊಸ ಫ್ಲ್ಯಾಟಿನ ವಾಸ್ತುಪೂಜೆ ನೆನಪಾಯಿತು. ಸಮಡೋಳಿ ಹಳ್ಳಿಯಿಂದ ಬಂದ ನೆಂಟರೆಲ್ಲ ಊಟಕ್ಕೆ ಕುಳಿತಾಗ ಹುಡುಗಿ ಒಳಕೋಣೆಯಲ್ಲಿ ಮಲಗಿದ್ದಳು. ರಟ್ಟೆ ಹಿಡಿದು ಎಳೆತಂದು ಎಲ್ಲರೆದುರು ನಿಲ್ಲಿಸಿ, "ನೋಡ್ರಿ, ಮಂದಿ ರಕ್ತ ಕುಡದು ಮಲಗೋ ಎಮ್ಮಿ" ಅಂದಿದ್ದಳು. ಪಂಕ್ತಿಯೆಲ್ಲ ನಕ್ಕಿತ್ತು. ತಾನೂ ನಕ್ಕಿದ್ದಳು. ಹುಡುಗಿ ಮಜ್ಜಿಗೆಯ ತಂಬಿಗೆ ಎತ್ತಿಕೊಂಡು ಬಡಿಸಲು ಹೋಗಿದ್ದಳು.

"ನಾನ ಹೇಳಿದ್ದಿಲ್ರಿ," ಎಂದಳು ಸ್ವಪ್ನಾಲಿ, ತಾಯಿ ಬಾಯಿ ತೆರೆಯುವ ಮೊದಲೇ. "ಅವ್ವಗೇನೂ ಗೊತ್ತಿಲ್ಲ."

ಡಾಕ್ಟರು ತಲೆಯಾಡಿಸಿ ಚೀಟಿ ಬರೆದರು. "ಇಲ್ರಿ, ಗೊತ್ತಿತ್ತು" ಎನ್ನಬೇಕಾಗಿದ್ದ ಮಾಣಿಕಬಾಯಿ ಚೀಟಿ ಇಸಿದುಕೊಂಡು ಮಡಚತೊಡಗಿದಳು. ಮಗಳ ಸುಳ್ಳಿನ ಮರೆಯಲ್ಲಿ ಕೂಡುವುದು ಸುಲಭವಾಗಿತ್ತು. ಅದಕ್ಕೇ ಅವಳಿಗೆ ಮುಖ ಎತ್ತಲಾಗಲಿಲ್ಲ.

ಊರಿಗೆ ಮರಳುವ ಬಸ್ಸಿನ ಕಿಟಕಿಯಾಚೆ, ಹಿಂದೆ ಕಬ್ಬು ನಿಂತಿದ್ದ ಕಡೆ, ಮೋಟಾರ್‌ಸೈಕಲ್ ಅಂಗಡಿಗಳು ಸರಿದುಹೋದವು.

"ಯಾಕ ಹಂಗಂದಿ?" ಮಾಣಿಕಬಾಯಿ ಮೆಲ್ಲಗೆ ಕೇಳಿದಳು.

"ಡಾಕ್ಟರು ನಿನಗ ಬೈತಿದ್ರು." ಅಷ್ಟು ಹೇಳಿ ಹುಡುಗಿ ಕಣ್ಣು ಮುಚ್ಚಿದಳು.

ಮರುದಿನ ಬೆಳಿಗ್ಗೆ ಮಾಣಿಕಬಾಯಿ ಗುಳಿಗೆ, ನೀರು ಹಿಡಿದು ಕೋಣೆಗೆ ಹೋದಳು. ಹೆಜ್ಜೆಯ ಸಪ್ಪಳ ಕೇಳಿದ್ದೇ ಸ್ವಪ್ನಾಲಿ ಗಡಬಡಿಸಿ ಎದ್ದು, ಕಣ್ಣು ಬಿಡುವ ಮೊದಲೇ, "ಎದ್ದೇನಿ ಅವ್ವಾ, ಎದ್ದೇನಿ" ಎನ್ನುತ್ತ ಹಾಸಿಗೆ ಮಡಚತೊಡಗಿದಳು. ಮಾಣಿಕಬಾಯಿ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿದ್ದ ಲೋಟದ ನೀರು ತುಳುಕಿ, ಹೊಸ ಫರಸಿಯ ನೆಲದ ಮೇಲೆ ನಿಧಾನವಾಗಿ ಹರಿಯಿತು.